ಕಾಲಿನ ಹೆಬ್ಬೆರಳೂ ವೈದ್ಯದ ಚರಿತ್ರೆಯೂ

ಅಗ್ನಿಹೋತ್ರವನ್ನು ಮುಗಿಸಿ ಋಷಿಗಳ ನಡುವೆ ಆಸೀನನಾಗಿದ್ದ ಪುನರ್ವಸು ಆತ್ರೇಯನನ್ನು ಶಿಷ್ಯನಾದ ಅಗ್ನಿವೇಶನು ಏಕಾಗ್ರಚಿತ್ತದಿಂದ ಪ್ರಶ್ನಿಸುವಲ್ಲಿಗೆ ಚರಕಸಂಹಿತೆಯ ಚಿಕಿತ್ಸಾಸ್ಥಾನದ 29ನೆಯ ಅಧ್ಯಾಯವು ಆರಂಭವಾಗುತ್ತದೆ. ಶಿಷ್ಯನು ಕೇಳಿದ್ದು, ವಾಯುವೂ ರಕ್ತವೂ ಕೂಡಿ ಕೆಟ್ಟು, ಕೈಕಾಲುಗಳ ಬುಡವನ್ನು ಹಿಡಿದು, ಬಾವು, ಉರಿ, ಚುಚ್ಚುನೋವುಗಳಿಂದ ಮನುಷ್ಯನನ್ನು ನೆಲಕ್ಕೆ ಕಾಲೂರಲೀಯದಂತೆ ಮಾಡುವ ವಾತರಕ್ತವೆಂಬ ವ್ಯಾಧಿಯನ್ನು ಕುರಿತು. ಇಂದಿನ ವೈದ್ಯರು ಗೌಟ್ ಎಂದು ಕರೆಯುವ ರೋಗಕ್ಕೂ ಈ ವಾತರಕ್ತಕ್ಕೂ ಎಲ್ಲ ಅಂಶಗಳಲ್ಲಿಯೂ ಐಕ್ಯವಿದೆಯೆಂದು ಹೇಳುವುದು ದುಡುಕಾದೀತು. ಆತ್ರೇಯನ ವರ್ಣನೆಯೊಳಗೆ ಬೇರೆ ಕೆಲವು ಸಂಧಿರೋಗಗಳೂ ಚರ್ಮರೋಗಗಳೂ ಸೇರಿಕೊಂಡಿರಬಹುದು. ಆದರೂ ಈ ಎರಡರ ಲಕ್ಷಣಗಳನ್ನು ಪಕ್ಕಪಕ್ಕದಲ್ಲಿರಿಸಿ ಓದುವವನಿಗೆ, ಸಹಸ್ರಾರು ಮೈಲಿಗಳ ಅಂತರದಲ್ಲಿದ್ದ ವೈದ್ಯರು ಒಂದೇ ಕಾಲನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರೆಂಬ ಭಾವನೆ ಬಾರದೆ ಇರದು.

ಆತ್ರೇಯನು ಹೇಳುವ ಕಾರಣಗಳ ಪಟ್ಟಿ ದೀರ್ಘವಾದುದು. ಉಪ್ಪು, ಹುಳಿ, ಖಾರ, ಕ್ಷಾರಗಳ ಅತಿಸೇವನೆ. ಒಣಗಿದ ಅಥವಾ ಕೊಳೆತ ಮಾಂಸ, ನೀರಿನಲ್ಲಿಯೂ ಜೌಗಿನಲ್ಲಿಯೂ ವಾಸಿಸುವ ಪ್ರಾಣಿಗಳ ಮಾಂಸ. ಹುರುಳಿ, ಉದ್ದು, ಅವರೆ, ಮೂಲಂಗಿ, ಕಬ್ಬು, ಮೊಸರು. ಹುಳಿಗಂಜಿಯಿಂದ ತೊಡಗಿ ಸುರೆ ಆಸವಗಳವರೆಗಿನ ಪಾನೀಯಗಳು. ಹಗಲುನಿದ್ರೆ, ರಾತ್ರಿಯ ಜಾಗರಣೆ. ಕುದುರೆ, ಒಂಟೆಗಳ ಮೇಲಿನ ಸವಾರಿ. ಅವರೆಯ ಕಾಲದಲ್ಲಿ ಮೂರು ಹೊತ್ತೂ ಅದನ್ನೇ ಉಣ್ಣುವ ನಮ್ಮ ಬಯಲುಸೀಮೆಯವರಿಗೆ ಈ ಪಟ್ಟಿ ತುಸು ಕಠಿಣವಾಗಿ ತೋರಬಹುದು. ಆದರೆ ಪಟ್ಟಿಗಿಂತ ಮುಖ್ಯವಾದುದು, ಈ ವ್ಯಾಧಿ ಯಾರಿಗೆ ಬರುತ್ತದೆಂಬ ವಿಚಾರ. ಸುಕುಮಾರ ದೇಹದವರು, ಮೃಷ್ಟಾನ್ನವನ್ನು ಉಂಡು ಸುಖವಾಗಿ ಕುಳಿತಿರುವವರು, ನಡೆಯುವ ಅಭ್ಯಾಸವಿಲ್ಲದವರು ಇದಕ್ಕೆ ಪ್ರಾಯಶಃ ಗುರಿಯಾಗುವರು. ಆದುದರಿಂದಲೇ ಆಢ್ಯವಾತವೆಂಬ ಹೆಸರೂ ಇದಕ್ಕೆ ಉಂಟು. ರೋಗವು ಪೂರ್ಣರೂಪಕ್ಕೆ ಬರುವ ಮೊದಲು ಸಂಧಿಗಳಲ್ಲಿ ನೋವು ಹುಟ್ಟಿ ಹುಟ್ಟಿ ಮಾಯವಾಗುವುದು, ಮಾಯವಾದದ್ದು ಮರಳಿ ಕಾಣಿಸಿಕೊಳ್ಳುವುದು ಎಂಬ ಅವಲೋಕನ ಅತ್ಯಂತ ಸೂಕ್ಷ್ಮವಾದುದು. ಕೈಕಾಲುಗಳ ಮೂಲದಲ್ಲಿ ನೆಲೆಗೊಂಡ ದೋಷವು ಅಲ್ಲಿಂದ ಇಲಿಯ ವಿಷದಂತೆ ಮೆಲ್ಲಮೆಲ್ಲನೆ ದೇಹವನ್ನೆಲ್ಲ ವ್ಯಾಪಿಸುತ್ತದೆಂದು ಸುಶ್ರುತನು ಹೇಳಿದ್ದಾನೆ. ಸಂಧಿಯಲ್ಲಿಯೇ ಏಕೆ ನಿಲ್ಲಬೇಕು ಎಂಬ ಪ್ರಶ್ನೆಗೂ ಚರಕದಲ್ಲಿ ಉತ್ತರವಿದೆ: ದ್ರವವಾಗಿ ಹರಿಯುತ್ತ ಬಂದ ದೋಷವು ಗಿಣ್ಣುಗಳ ವಕ್ರತೆಗೆ ತಾಗಿ ಕ್ಷೋಭೆಗೊಂಡು ಅಲ್ಲಿಯೇ ತಂಗುತ್ತದೆ. ಯೂರಿಕ್ ಆಮ್ಲದ ಲವಣವು ದೇಹದ ತಣ್ಣನೆಯ ಕೊನೆಗಳಲ್ಲಿ ಕರಗಲಾರದೆ ಹರಳುಗಟ್ಟುತ್ತದೆಂದು ಇಂದಿನ ವಿಜ್ಞಾನ ಹೇಳುವುದನ್ನು ಕೇಳಿದಾಗ, ಪ್ರಾಚೀನರ ಉತ್ತರ ಬೇರೆಯಾದರೂ ಅವರು ಕೇಳಿದ ಪ್ರಶ್ನೆ ಸರಿಯಾದುದೆಂಬುದು ಸ್ಪಷ್ಟವಾಗುತ್ತದೆ.

ಚಿಕಿತ್ಸೆಯಲ್ಲಿ ಸ್ನೇಹನ, ಮೃದುವಾದ ವಿರೇಚನ, ಬಸ್ತಿ, ರಕ್ತಮೋಕ್ಷಣ, ಲೇಪ ಎಲ್ಲವೂ ಇದ್ದವು. ರಕ್ತವನ್ನು ತೆಗೆಯಲು ಕೊಂಬು, ಜಿಗಣೆ, ಸೂಜಿ, ಸೋರೆಬುರುಡೆಗಳನ್ನು ಬಳಸುತ್ತಿದ್ದರು. ಸುಕುಮಾರರಿಗೆ, ವೃದ್ಧರಿಗೆ, ಹೆದರುವವರಿಗೆ ಜಿಗಣೆಯೇ ಪ್ರಶಸ್ತವೆಂದು ಸುಶ್ರುತನ ಮತ. ಜಿಗಣೆಯ ವಿಷಯದಲ್ಲಿ ಆತನು ತೋರಿರುವ ಶ್ರದ್ಧೆಯನ್ನು ಓದಿದರೆ ಗೌರವ ಹುಟ್ಟುತ್ತದೆ. ವಿಷವುಳ್ಳವು ಆರು, ವಿಷವಿಲ್ಲದವು ಆರು ಎಂದು ಅವುಗಳನ್ನು ಹನ್ನೆರಡು ಬಗೆಯಾಗಿ ವಿಂಗಡಿಸಿ, ಹಸಿದೊಗಲಿನಿಂದ ಹಿಡಿದು ತಂದು, ಕೊಳದ ನೀರೂ ಕೆಸರೂ ತುಂಬಿದ ಹೊಸ ಮಡಕೆಯಲ್ಲಿಟ್ಟು, ಮೂರು ಮೂರು ದಿನಕ್ಕೆ ನೀರನ್ನೂ ಆಹಾರವನ್ನೂ, ಏಳು ಏಳು ದಿನಕ್ಕೆ ಮಡಕೆಯನ್ನೂ ಬದಲಿಸಬೇಕೆಂದು ಆತನು ವಿಧಿಸುತ್ತಾನೆ. ಕುದುರೆಯ ಗೊರಸಿನಂತೆ ಬಾಯನ್ನು ಮಾಡಿ ಹೆಗಲನ್ನೆತ್ತಿದರೆ ಅದು ಕಚ್ಚಿತೆಂದು ತಿಳಿಯಬೇಕು. ಕಚ್ಚಿದೆಡೆಯಲ್ಲಿ ನೋವೂ ತುರಿಕೆಯೂ ತೋರಿದರೆ ಅದು ಶುದ್ಧರಕ್ತವನ್ನು ಹೀರುತ್ತಿದೆಯೆಂದು ಬಗೆದು ಬಿಡಿಸಬೇಕು. ಬಿಡದಿದ್ದರೆ ಬಾಯಿಯ ಬಳಿ ಸೈಂಧವಲವಣದ ಪುಡಿಯನ್ನು ಉದುರಿಸಬೇಕು. ರಕ್ತವನ್ನು ಅತಿಯಾಗಿ ತೆಗೆದರೆ ವಾಯು ಕೆರಳಿ ರೋಗ ಇನ್ನೂ ಆಳಕ್ಕೆ ಇಳಿಯುತ್ತದೆಂಬ ಎಚ್ಚರಿಕೆಯನ್ನು ಚರಕದಲ್ಲಿ ಮರೆಯದೆ ಕೊಟ್ಟಿದೆ. ಹತ್ತೊಂಬತ್ತನೆಯ ಶತಮಾನದವರೆಗೂ ಯೂರೋಪಿನ ವೈದ್ಯರು ಬಟ್ಟಲು ಬಟ್ಟಲಾಗಿ ರಕ್ತವನ್ನು ಹರಿಸುತ್ತಿದ್ದುದನ್ನು ನೆನೆದರೆ ಈ ಮಿತದೃಷ್ಟಿಯ ಬೆಲೆ ತಿಳಿಯುತ್ತದೆ.

ಲೇಪಗಳಲ್ಲಿ ಪಿಂಡತೈಲವು ಇಂದಿಗೂ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಮಂಜಿಷ್ಠ, ಸಾರಿವೆ, ಸರ್ಜರಸ, ಜೇನುಮೇಣ, ಎಣ್ಣೆ, ಇಷ್ಟೇ ಅದರ ಸಾಮಗ್ರಿ. ಬೇರುಗಳ ಸಾರವಿಳಿದ ಎಣ್ಣೆಯನ್ನು ಸೋಸಿ, ಬಿಸಿಯಿರುವಾಗಲೇ ರಾಳವನ್ನೂ ಮೇಣವನ್ನೂ ಅದರಲ್ಲಿ ಕರಗಿಸಿದರೆ, ಆರುತ್ತ ಬಂದಂತೆ ಅದು ಮಂಜಿಷ್ಠದ ಕೆಂಪನ್ನು ಹೊತ್ತು ಗಟ್ಟಿಯಾಗಿ ಬೆರಳಿಗೆ ಬರುತ್ತದೆ. ಉರಿಯುವ ಪಾದಕ್ಕೆ ಹಗುರಾಗಿ ಸವರಿದೊಡನೆ ಆಗುವ ತಂಪು, ಔಷಧದ ಗುಣವನ್ನು ಒತ್ತಟ್ಟಿಗಿಟ್ಟರೂ, ರಾತ್ರಿಯೆಲ್ಲ ನಿದ್ದೆಗೆಟ್ಟವನಿಗೆ ಅಲ್ಪವೇನಲ್ಲ. ಒಳಗೆ ಕೊಡುವ ಔಷಧಗಳಲ್ಲಿ ಅಮೃತಬಳ್ಳಿಗೆ ಅಗ್ರಸ್ಥಾನ. ನಮ್ಮ ಹಳ್ಳಿಗಳಲ್ಲಿ ಬೇವಿನ ಮರಕ್ಕೆ ಹಬ್ಬಿದ ಬಳ್ಳಿಯನ್ನೇ ಹುಡುಕಿ ತರುವ ರೂಢಿಯಿದೆ.

ಶಾಸ್ತ್ರದ ವಾತರಕ್ತದ ಪಕ್ಕದಲ್ಲಿಯೇ ಮನೆಮನೆಯ ಹಿಮ್ಮಡಿ ನೋವೂ ಇತ್ತು. ಏರುಪೇರಾಗಿ ಕಾಲಿಟ್ಟಾಗ ಹರಡಿನಲ್ಲಿ ನೆಲೆಯೂರುವ ನೋವನ್ನು ವಾತಕಂಟಕವೆಂದು ಕರೆದ ಪ್ರಾಚೀನರು ಅದಕ್ಕೆ ರಕ್ತಮೋಕ್ಷಣ, ಹರಳೆಣ್ಣೆಯ ಪಾನ, ಕಾಯಿಸಿದ ಸೂಜಿಯ ದಾಹ ಎಂಬ ಮೂರು ಉಪಾಯಗಳನ್ನು ವಿಧಿಸಿದ್ದರು. ನಮ್ಮ ನಾಡಿನ ಮುದುಕಿಯರಿಗೆ ಈ ಶ್ಲೋಕಗಳು ತಿಳಿದಿರಲಿಲ್ಲ. ತಿಳಿದಿದ್ದುದು ಒಲೆಯಲ್ಲಿ ಇಟ್ಟಿಗೆಯನ್ನು ಕಾಯಿಸಿ ಹೊರಗೆಳೆದು, ಅದರ ಮೇಲೆ ಎಕ್ಕದ ಎಲೆಗಳನ್ನು ಹರಡಿ, ಎಲೆ ಬಾಡಿ ಹಬೆಯಾಡುತ್ತಿರುವಾಗ ಹಿಮ್ಮಡಿಯನ್ನು ಒತ್ತಿಸುವ ಕ್ರಮ. ಮೊದಲು ತುದಿಯನ್ನು ತಾಗಿಸಿ ತೆಗೆಯುವುದು, ಶಾಖವನ್ನು ತಡೆಯಬಲ್ಲೆನೆಂದು ಕಂಡ ಮೇಲೆ ಭಾರವನ್ನು ಬಿಡುವುದು, ಎಲೆ ಕಪ್ಪಾದೊಡನೆ ಹೊಸತನ್ನು ಹಾಕುವುದು, ಹೀಗೆ ಇಟ್ಟಿಗೆ ಆರುವವರೆಗೆ. ಉಳುಕಿ ಊದಿದ ಕಾಲಿಗೆ ಹುಣಿಸೆಹಣ್ಣು, ಉಪ್ಪು, ಅರಿಸಿನಗಳನ್ನು ಕುದಿಸಿದ ಪಟ್ಟು. ಮೈಕೈ ಬಾವಿಗೆ ಲಕ್ಕಿಸೊಪ್ಪಿನ ಬಿಸಿನೀರು. ಯಾವುದಕ್ಕೂ ಜಗ್ಗದ ನೋವಿಗೆ ಚುಟಿಗೆ. ಮಕ್ಕಳಿಗೂ ಚುಟಿಗೆ ಹಾಕುವ ಕ್ರೌರ್ಯವು ನಿಂತುಹೋಗಲೇಬೇಕಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ನೋವಿನ ಮೇಲೆ ಬೆಂಕಿಯನ್ನಿಡುವ ಈ ಧೈರ್ಯವು ನಮ್ಮ ದೇಶಕ್ಕೇ ಮೀಸಲಾಗಿರಲಿಲ್ಲವೆಂಬುದನ್ನು ಮುಂದೆ ಕಾಣುವೆವು.

ಗ್ರೀಸಿನಲ್ಲಿ ಹಿಪ್ಪೋಕ್ರೆಟಿಸನ ಸಂಪ್ರದಾಯದ ವೈದ್ಯರು, ಪಾದವನ್ನು ಹಿಡಿಯುವ ಈ ರೋಗವು ಷಂಡರಿಗೆ ಬಾರದು, ಋತು ನಿಲ್ಲುವ ಮೊದಲು ಸ್ತ್ರೀಯರಿಗೆ ಬಾರದು ಎಂದು ಸೂತ್ರರೂಪವಾಗಿ ಬರೆದಿಟ್ಟರು. ಎರಡನೆಯ ಮಾತು ಇಂದಿಗೂ ಬಹುಮಟ್ಟಿಗೆ ನಿಜವಾಗಿ ನಿಂತಿದೆ. ಔಷಧದ ದೃಷ್ಟಿಯಿಂದ ಗಣ್ಯನಾದವನು ಆರನೆಯ ಶತಮಾನದಲ್ಲಿದ್ದ ಟ್ರಾಲಿಸ್ಸಿನ ಅಲೆಕ್ಸಾಂಡರನು. ಕಪ್ಪು ಸಮುದ್ರದ ತೀರದ ಕಾಲ್ಕಿಸ್ ದೇಶದಿಂದ ಹೆಸರನ್ನು ಪಡೆದ ಕಾಲ್ಚಿಕಮ್ ಎಂಬ ಗಿಡವನ್ನು ಗ್ರೀಕ್ ವೈದ್ಯ ಡಯಸ್ಕೊರೈಡಿಸನು ವಿಷವೆಂದು ಎಣಿಸಿ ದೂರವಿರಿಸಿದ್ದನು. ಅದೇ ಕುಲದ ಗೆಡ್ಡೆಯನ್ನು ಅಲೆಕ್ಸಾಂಡರನು ಸಂಧಿಯ ನೋವಿಗೆ ಕೊಟ್ಟು, ಅದು ಬಹುಬೇಗನೆ ಉಪಶಮನವನ್ನು ತರುವುದನ್ನು ಕಂಡನು. ಅರಬ್ಬೀ ಪಾರಸಿ ವೈದ್ಯರ ಕೈಯಲ್ಲಿ ಅದು ಸುರಂಜಾನ್ ಆಯಿತು. ಯುನಾನಿ ಹಕೀಮರೊಂದಿಗೆ ಹಿಂದೂಸ್ಥಾನಕ್ಕೆ ಬಂದು, ಕಾಶ್ಮೀರದ ಇಳಿಜಾರುಗಳಲ್ಲಿ ಬೆಳೆಯುವ ಹಳದಿ ಹೂವಿನ ಸೋದರಗಿಡವನ್ನೂ ತನ್ನೊಡನೆ ಸೇರಿಸಿಕೊಂಡು, ಮಾಜೂನ್ ಸುರಂಜಾನ್ ಎಂಬ ಲೇಹ್ಯದ ರೂಪದಲ್ಲಿ ಇಂದಿಗೂ ಹಕೀಮರ ಕಪಾಟಿನಲ್ಲಿ ಉಳಿದಿದೆ.

ಯೂರೋಪಿನ ಅರಮನೆಗಳಲ್ಲಿ ಈ ರೋಗವು ರಾಜಕಾರಣಕ್ಕೂ ಕೈಯಿಕ್ಕಿತು. 1555ರ ಅಕ್ಟೋಬರ್ 25ರಂದು ಬ್ರಸೆಲ್ಸಿನ ಸಭೆಯಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯು, ಒಂದು ಕೈಯಲ್ಲಿ ಊರುಗೋಲನ್ನು ಹಿಡಿದು, ಇನ್ನೊಂದನ್ನು ಆರೆಂಜಿನ ವಿಲಿಯಮ್ಮನ ಹೆಗಲ ಮೇಲಿಟ್ಟು, ರಾಜ್ಯಭಾರವನ್ನು ಇಳಿಸುವೆನೆಂದು ಸಾರಿದನು. ಆತನ ದೇಹದಿಂದ ಬೇರ್ಪಟ್ಟು ಸಂರಕ್ಷಿತವಾಗಿದ್ದ ಬೆರಳಿನ ತುಣುಕನ್ನು ವಿದ್ವಾಂಸರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರ ಮೂಳೆಯನ್ನು ತಿಂದುಹಾಕಿದ್ದ ಯೂರೇಟ್ ಹರಳುಗಳನ್ನು ಕಂಡು 2006ರಲ್ಲಿ ಪ್ರಕಟಿಸಿದರು.

ಚಾರ್ಲ್ಸನ ಕಾಲದಿಂದ ಇನ್ನೊಂದು ಶತಮಾನ ಕಳೆದ ಬಳಿಕ ನಡೆದ ಪ್ರಸಂಗವೇ ಈ ಚರಿತ್ರೆಯಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು. ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯ ಬಟೇವಿಯ ನಗರದಲ್ಲಿ, ಎಂದರೆ ಇಂದಿನ ಜಕಾರ್ತಾದಲ್ಲಿ, ಉಟ್ರೆಕ್ಟಿನಿಂದ ಬಂದ ಹರ್ಮನ್ ಬುಸ್ಕಾಫನೆಂಬ ಪಾದ್ರಿಯು ವರ್ಷಗಟ್ಟಲೆ ಕಾಲುನೋವಿನಿಂದ ನರಳುತ್ತಿದ್ದನು. ಯೂರೋಪಿನ ವೈದ್ಯರ ಔಷಧಗಳೆಲ್ಲ ಸೋತ ಮೇಲೆ, ಹೆಂಡತಿಯ ಒತ್ತಾಯಕ್ಕೆ ಮಣಿದು, ಏಷ್ಯದವಳೇ ಆದ ಒಬ್ಬ ವೈದ್ಯೆಗೆ ಆತನು ತನ್ನ ಕಾಲನ್ನು ಒಪ್ಪಿಸಿದನು. ಆಕೆ ಒಣಗಿದ ಎಲೆಯನ್ನು ಕುಟ್ಟಿ ಅರಳೆಯಂತೆ ಮಾಡಿದ ಮೃದುವಾದ ಪದಾರ್ಥವನ್ನು ಚಿಕ್ಕ ಚಿಕ್ಕ ಗೋಪುರಗಳಾಗಿ ಹೊಸೆದು, ಪಾದದ ಮೇಲೂ ಮೊಣಕಾಲಿನ ಮೇಲೂ ನೋವಿದ್ದೆಡೆಯಲ್ಲಿ ನಿಲ್ಲಿಸಿ, ತುದಿಗೆ ಕಿಡಿಯನ್ನು ಮುಟ್ಟಿಸಿ, ಅದು ಕನಲುತ್ತ ಚರ್ಮದವರೆಗೆ ಇಳಿದು ಬೂದಿಯಾಗುವಂತೆ ಮಾಡಿದಳು. ಪಾದ್ರಿಗೆ ಗಾಢವಾದ ನಿದ್ರೆ ಬಂದಿತು; ಎದ್ದಾಗ ನೋವು ಬಹುಪಾಲು ಇಳಿದಿದ್ದಿತು. ಕೃತಜ್ಞನಾದ ಆತನು ಬರೆದ ಪುಸ್ತಕವು 1675ರಲ್ಲಿ ಡಚ್ ಭಾಷೆಯಲ್ಲಿ ಅಚ್ಚಾಗಿ, ಮರುವರ್ಷವೇ ಲಂಡನ್ನಿನಲ್ಲಿ ಇಂಗ್ಲಿಷಿಗೆ ಪರಿವರ್ತನೆಯಾಯಿತು. ಮಾಕ್ಸ ಎಂಬ ಈ ಚಿಕಿತ್ಸೆಯನ್ನು ಯೂರೋಪು ಅರಿತುದು ಹೀಗೆ. ಆ ಎಲೆ ನಮಗೆ ಅಪರಿಚಿತವಾದುದಲ್ಲ: ಗಣೇಶನ ಪೂಜೆಯ ಪತ್ರೆಗಳಲ್ಲಿ ಮೊದಲಾಗಿ ಏರಿಸುವ ಮಾಚಿಪತ್ರೆಯೂ, ಹೂವಿನೊಡನೆ ಕಟ್ಟುವ ದವನವೂ ಅದೇ ಕುಲದ ಗಿಡಗಳು. ಪಾದ್ರಿಯ ಹೆಸರು ಗ್ರಂಥಸ್ಥವಾಯಿತು. ಕಿಡಿಯನ್ನು ಹಚ್ಚಿದ ಕೈಯವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ವೈದ್ಯದ ಚರಿತ್ರೆಯಲ್ಲಿ ಇಂತಹ ಅನ್ಯಾಯಗಳು ಎಷ್ಟೋ ಇದ್ದರೂ ಇದೊಂದು ನನ್ನನ್ನು ಮತ್ತೆ ಮತ್ತೆ ನೋಯಿಸುತ್ತದೆ. ಏಕೆಂದರೆ ಆ ರೋಗದ ಕಾರಣವನ್ನು ಅಂದು ಜಗತ್ತಿನಲ್ಲಿ ಯಾರೂ ಅರಿತಿರಲಿಲ್ಲ. ಉಪಶಮನವನ್ನು ಅರಿತಿದ್ದವರು ಆಕೆಯಂತಹವರು.

1677ರಲ್ಲಿ ನೈಮೇಗೆನ್ ನಗರದ ಸಂಧಾನಸಭೆಗೆ ಇಂಗ್ಲೆಂಡಿನ ರಾಯಭಾರಿಯಾಗಿ ಹೋಗಿದ್ದ ಸರ್ ವಿಲಿಯಂ ಟೆಂಪಲ್ಲನಿಗೆ ಹೆಬ್ಬೆರಳಿನ ಬುಡದಲ್ಲಿ ಈ ನೋವು ಹತ್ತಿಕೊಂಡಿತು. ನೋಡಲು ಬಂದ ಕಾನ್‌ಸ್ಟಂಟೈನ್ ಹೈಗೆನ್ಸ್ (ಪ್ರಸಿದ್ಧ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸನ ತಂದೆ) ಬಟೇವಿಯದ ಪಾದ್ರಿಯ ಪುಸ್ತಕದ ಸುದ್ದಿಯನ್ನು ಹೇಳಿದನು. ಟೆಂಪಲ್ಲನು ಉಟ್ರೆಕ್ಟಿನಿಂದ ಮಾಕ್ಸವನ್ನು ತರಿಸಿ, ನೋವು ಮೊದಲು ಹುಟ್ಟಿದ ಸ್ಥಾನದಲ್ಲಿಯೇ ಅದನ್ನು ನಿಲ್ಲಿಸಿ, ಮೂರು ಬಾರಿ ಸುಡಿಸಿಕೊಂಡು, ಮೂರನೆಯದು ಆರಿದ ಮೇಲೆ ನೆಲದ ಮೇಲೆ ಕಾಲಿಟ್ಟು ಕೋಣೆಯಲ್ಲಿ ನಡೆದಾಡಿದನು. ಸುಟ್ಟ ಗಾಯಕ್ಕೆ ಬೆಳ್ಳುಳ್ಳಿಯನ್ನು ಕಟ್ಟಿದರು. ಆತನು ಆ ವರ್ಷವೇ ಬರೆದ ಪ್ರಬಂಧವು ಇಂಗ್ಲಿಷ್ ಗದ್ಯದಲ್ಲಿ ಇಂದಿಗೂ ಓದಲು ಯೋಗ್ಯವಾದುದು. ಸುಡುವ ನೋವು ಒಳಗಿನ ನೋವನ್ನು ಮರೆಸಿತೊ, ಗೌಟಿನ ಆವೇಗವು ತನ್ನ ಸ್ವಭಾವದಂತೆ ತಾನೇ ಇಳಿಯಿತೊ, ನಿರ್ಣಯಿಸುವುದು ಕಷ್ಟ. ಈ ವ್ಯಾಧಿ ಬಂದಂತೆಯೇ ಹೋಗುವುದೆಂಬುದನ್ನು ಚರಕದಲ್ಲಿ ಮೊದಲೇ ಕಂಡೆವು. ಕೆಲವು ದಶಕಗಳಲ್ಲಿ ಯೂರೋಪು ಮಾಕ್ಸವನ್ನು ಮರೆಯಿತು.

ಅದೇ ಕಾಲದ ಲಂಡನ್ನಿನಲ್ಲಿ ಥಾಮಸ್ ಸಿಡ್ನಮ್ಮನು ತಾನೇ ದೀರ್ಘಕಾಲ ಅನುಭವಿಸಿದ ಗೌಟನ್ನು ಕುರಿತು 1683ರಲ್ಲಿ ಗ್ರಂಥವನ್ನು ಬರೆದನು. ಆರೋಗ್ಯವಾಗಿ ಮಲಗಿದವನು ನಡುರಾತ್ರಿ ಕಳೆದ ಮೇಲೆ ಹೆಬ್ಬೆರಳಿನ ನೋವಿನಿಂದ ಎಚ್ಚರಗೊಳ್ಳುವುದು, ಹೊದಿಕೆಯ ಭಾರವನ್ನೂ ಕೋಣೆಯಲ್ಲಿ ಇನ್ನೊಬ್ಬರು ನಡೆದಾಡುವ ಅದುರನ್ನೂ ತಾಳಲಾರದೆ ಹೋಗುವುದು, ಬೆಳಗಿನ ಜಾವಕ್ಕೆ ಬೆವರು ಬಂದು ಕಣ್ಣು ಹತ್ತುವುದು, ಇವನ್ನು ಆತನಷ್ಟು ನಿಖರವಾಗಿ ಚಿತ್ರಿಸಿದವರು ಹಿಂದೆಯೂ ಇಲ್ಲ, ಮುಂದೆಯೂ ವಿರಳ. ಆದರೆ ಭೇದಿಯ ಔಷಧಗಳನ್ನು ಆತನು ನಿರಾಕರಿಸಿದನಾಗಿ, ಅಲೆಕ್ಸಾಂಡರನ ಗೆಡ್ಡೆಯೂ ಅವುಗಳೊಡನೆ ವೈದ್ಯರ ಸಂಚಿಯಿಂದ ಹೊರಬಿದ್ದಿತು. ಮಹಾನುಭಾವನಾದ ವೈದ್ಯನೊಬ್ಬನ ಮಾತಿಗೆ ಕಟ್ಟುಬಿದ್ದು ಒಂದು ಶತಮಾನದ ರೋಗಿಗಳು ಉಪಶಮನದಿಂದ ವಂಚಿತರಾದರೆಂಬುದು ದುಃಖದ ಸಂಗತಿ. ಅದನ್ನು ಮರಳಿ ತಂದವನು ವಿದ್ವಾಂಸನಲ್ಲ, ನಿಕೊಲಾ ಹಸ್ಸನ್ ಎಂಬ ಫ್ರೆಂಚ್ ಸೈನ್ಯಾಧಿಕಾರಿ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಆತನು ಮಾರುತ್ತಿದ್ದ ರಹಸ್ಯದ ಔಷಧಜಲವನ್ನು ರಾಯಲ್ ಸೊಸೈಟಿಯ ಅಧ್ಯಕ್ಷನಾದ ಸರ್ ಜೋಸೆಫ್ ಬ್ಯಾಂಕ್ಸ್ ಸಹ ಕುಡಿದನು. ಯೌವನದಲ್ಲಿ ಕ್ಯಾಪ್ಟನ್ ಕುಕ್ಕನೊಡನೆ ಭೂಮಂಡಲವನ್ನು ಸುತ್ತಿ ಬಂದಿದ್ದ ಆತನನ್ನು ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗಬೇಕಾಗಿತ್ತು. ಆ ಜಲದೊಳಗಿದ್ದುದು ಕಾಲ್ಚಿಕಮ್ಮೇ ಎಂದು ಲಂಡನ್ನಿನ ಜಾನ್ ವಾಂಟನು 1814ರಲ್ಲಿ ಬಯಲಿಗೆಳೆದನು.

ಕಾರಣದ ಶೋಧನೆ ಬೇರೊಂದು ದಾರಿಯಲ್ಲಿ ನಡೆದಿತ್ತು. ಗೌಟಿನ ಗಂಟಿನಿಂದ ತೆಗೆದ ಸುಣ್ಣದಂತಹ ಬಿಳಿಯ ವಸ್ತುವನ್ನು ಹದಿನೇಳನೆಯ ಶತಮಾನದ ಕೊನೆಗೆ ಲೀವೆನ್‌ಹುಕ್ಕನು ತನ್ನ ಮಸೂರದಡಿಯಲ್ಲಿಟ್ಟು, ಅದು ಸೂಜಿಗಳಂತಹ ಕಣಗಳ ರಾಶಿಯೆಂದು ಕಂಡನು. 1776ರಲ್ಲಿ ಷೀಲೆಯು ಮೂತ್ರಕೋಶದ ಕಲ್ಲಿನಿಂದ ಯೂರಿಕ್ ಆಮ್ಲವನ್ನು ಬೇರ್ಪಡಿಸಿದನು. 1797ರಲ್ಲಿ ವೊಲಾಸ್ಟನ್ನನು ಗೌಟಿನ ಗಂಟಿನಲ್ಲಿಯೂ ಅದೇ ಇದೆಯೆಂದು ತೋರಿಸಿದನು. ರಕ್ತದಲ್ಲಿ ಅದನ್ನು ಹಿಡಿದು ತೋರಿಸಿದ ಕೀರ್ತಿ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್ಡನದು. ಆತನು 1848ರಲ್ಲಿ ಆರಂಭಿಸಿ ಮುಂದಿನ ಕೆಲವು ವರ್ಷಗಳಲ್ಲಿ ಪರಿಷ್ಕರಿಸಿದ ಪರೀಕ್ಷೆಯ ಸರಳತೆ ಮನೋಹರವಾದುದು. ರೋಗಿಯ ರಕ್ತದಿಂದ ಬೇರ್ಪಟ್ಟ ತಿಳಿಯನ್ನು ಆಳವಿಲ್ಲದ ಗಾಜಿನ ತಟ್ಟೆಯಲ್ಲಿ ಹಾಕಿ, ಅಸಿಟಿಕ್ ಆಮ್ಲದ ಕೆಲವು ತೊಟ್ಟುಗಳನ್ನು ಬೆರೆಸಿ, ಅಂಗುಲದಷ್ಟುದ್ದದ ನಾರುಬಟ್ಟೆಯ ಎಳೆಗಳನ್ನು ಅದರಲ್ಲಿ ಅದ್ದಿ, ಒಂದೆರಡು ದಿನ ಅಲುಗಿಸದೆ ಇಟ್ಟರೆ, ಯೂರಿಕ್ ಆಮ್ಲ ಹೆಚ್ಚಾಗಿದ್ದ ಪಕ್ಷದಲ್ಲಿ ಆ ಎಳೆಗೆ ಹರಳುಗಳು ಅಂಟಿಕೊಂಡು ಕಾಣುವುವು. ಯಂತ್ರವಿಲ್ಲ, ತಕ್ಕಡಿಯಿಲ್ಲ, ಒಂದು ದಾರದೆಳೆ ರೋಗದ ಕಾರಣಕ್ಕೆ ಸಾಕ್ಷಿ ನುಡಿಯಿತು.

ಅದೇ ಗ್ಯಾರಡ್ಡನು ತನ್ನ ಆಸ್ಪತ್ರೆಗೆ ಬಂದ ಗೌಟಿನ ರೋಗಿಗಳಲ್ಲಿ ಬಣ್ಣ ಬಳಿಯುವವರೂ ಕೊಳಾಯಿಯ ಕೆಲಸದವರೂ ಅಸಹಜವೆನಿಸುವಷ್ಟು ಮಂದಿ ಇರುವುದನ್ನು ಗಮನಿಸಿದನು. ದಿನವೆಲ್ಲ ಕೈಗೆ ತಾಗುವ ಸೀಸವು ಅವರ ಮೂತ್ರಪಿಂಡಗಳನ್ನು ಕೆಡಿಸಿ, ಯೂರಿಕ್ ಆಮ್ಲವು ಹೊರಹೋಗದಂತೆ ತಡೆದಿದ್ದಿತು. ಆಢ್ಯರ ರೋಗವೆಂದು ಪೂರ್ವಪಶ್ಚಿಮಗಳೆರಡೂ ನಂಬಿ ಬಂದಿದ್ದ ವ್ಯಾಧಿಯು, ಮೃಷ್ಟಾನ್ನವನ್ನು ಕಣ್ಣಾರೆ ಕಾಣದ ಕೂಲಿಯವನ ಕಾಲನ್ನೂ ಹಿಡಿದಿತ್ತು. ಬಡವನ ಕಾಲುನೋವನ್ನು ಬರೆದಿಡುವವರು ಅದುವರೆಗೆ ಇರಲಿಲ್ಲವೆನ್ನುವುದೇ ಹೆಚ್ಚು ಸರಿಯಾದೀತು.

ಇಪ್ಪತ್ತನೆಯ ಶತಮಾನದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪೆನಿಸಿಲಿನ್ ದೇಹದಿಂದ ಬೇಗನೆ ಹೊರಟುಹೋಗದಿರಲೆಂದು ರೂಪಿಸಿದ ಪ್ರೊಬೆನೆಸಿಡ್, ಯೂರಿಕ್ ಆಮ್ಲವನ್ನು ಹೊರಹಾಕಲು ನೆರವಾಯಿತು. 1961ರಲ್ಲಿ ಮೆಕಾರ್ಟಿ ಮತ್ತು ಹಾಲಂಡರ್ ಎಂಬಿಬ್ಬರು ಊದಿದ ಸಂಧಿಯ ದ್ರವದಲ್ಲಿಯೇ ಹರಳುಗಳನ್ನು ಧ್ರುವೀಕೃತ ಬೆಳಕಿನಲ್ಲಿ ಕಂಡು, ರೋಗವನ್ನು ನಿಶ್ಚಯಿಸುವ ಮಾರ್ಗವನ್ನು ತೋರಿದರು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರು ರಕ್ತದ ಕ್ಯಾನ್ಸರಿನ ಔಷಧವೊಂದಕ್ಕೆ ಬೆಂಬಲವಾಗಲೆಂದು ಸಿದ್ಧಪಡಿಸಿದ ಅಲೊಪ್ಯೂರಿನಾಲ್, ಯೂರಿಕ್ ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುತ್ತದೆಂದು ತಿಳಿದು, 1966ರಲ್ಲಿ ಗೌಟಿನ ಔಷಧವಾಗಿ ಅಮೆರಿಕದಲ್ಲಿ ಅಂಗೀಕೃತವಾಯಿತು. 1988ರ ನೊಬೆಲ್ ಪಾರಿತೋಷಕವನ್ನು ಪಡೆದವರಲ್ಲಿ ಅವರಿಬ್ಬರೂ ಸೇರಿದ್ದರು. ಆದರೂ ನೋವು ಉಲ್ಬಣಿಸಿದ ರಾತ್ರಿಯಲ್ಲಿ ವೈದ್ಯನು ಕೊಡುವ ಗುಳಿಗೆಗಳಲ್ಲಿ, ಕಾಲ್ಚಿಕಮ್ಮಿನ ಸಾರವಾದ ಕಾಲ್ಚಿಸಿನ್ ಇಂದಿಗೂ ಒಂದು. ಊದಿದ ಸಂಧಿಗೆ ಮುತ್ತಿಗೆ ಹಾಕುವ ಬಿಳಿಯ ರಕ್ತಕಣಗಳ ಚಲನೆಯನ್ನೇ ಅದು ಕುಂಠಿತಗೊಳಿಸುತ್ತದೆ. ಮಾತ್ರೆ ಮೀರಿದರೆ ಪ್ರಾಣಾಂತಿಕ. ಡಯಸ್ಕೊರೈಡಿಸನ ಭಯವೂ ಅಲೆಕ್ಸಾಂಡರನ ಭರವಸೆಯೂ ಎರಡೂ ನ್ಯಾಯವಾದವೇ ಆಗಿದ್ದವು.

ಈ ಕಾಲ್ಚಿಸಿನ್ನಿಗಾಗಿ ಕಾಲ್ಕಿಸಿನವರೆಗೆ ಹೋಗಬೇಕಾದುದಿಲ್ಲ. ಮಳೆಗಾಲದಲ್ಲಿ ನಮ್ಮ ಬೇಲಿಗಳನ್ನೂ ಕುರುಚಲು ಕಾಡುಗಳನ್ನೂ ಏರಿ, ಎಲೆಯ ತುದಿಯನ್ನೇ ಕುಡಿಯಾಗಿ ಸುರುಳಿಸುತ್ತ, ಹಳದಿಯಿಂದ ಕೆಂಪಿಗೆ ತಿರುಗುವ ಎಸಳುಗಳನ್ನು ಮೇಲಕ್ಕೆ ಮಡಿಸಿ ಅರಳುವ ಅಗ್ನಿಶಿಖೆಯ ಬಳ್ಳಿಯಲ್ಲಿ, ಕೆಲವು ಕಡೆ ಗೌರಿಹೂವೆಂದೂ ಕೋಳಿಕುಟುಮವೆಂದೂ ಕರೆಯುವ ಅದರ ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ, ಅದೇ ದ್ರವ್ಯವಿದೆ. ಲಾಂಗಲಿಯೆಂಬ ಹೆಸರಿನಲ್ಲಿ ಆಯುರ್ವೇದವು ಇದನ್ನು ಉಪವಿಷಗಳಲ್ಲಿ ಎಣಿಸಿತು. ಹೆರಿಗೆಯಲ್ಲಿ ಮಾಸು ಬೀಳದಿದ್ದಾಗ ಇದರ ಬೇರನ್ನು ಅರೆದು ಅಂಗೈ ಅಂಗಾಲುಗಳಿಗೆ ಬಳಿಯಬೇಕೆಂದು ಸುಶ್ರುತನು ಹೇಳಿದನು. ಅಂಗಾಲಿನವರೆಗೆ ಬಂದ ಆ ಗೆಡ್ಡೆಯನ್ನು ವಾತರಕ್ತಕ್ಕೆ ಪ್ರಧಾನೌಷಧವಾಗಿ ನಮ್ಮವರು ಎಣಿಸದೆ ಹೋದುದು ಆಶ್ಚರ್ಯವೇ ಸರಿ. ಈಗ ತಮಿಳುನಾಡಿನ ಒಣಭೂಮಿಯ ರೈತರು ಇದನ್ನು ಹೊಲದಲ್ಲಿ ಬೆಳೆಯುತ್ತಾರೆ. ಹೂವಿನ ರಚನೆಯಿಂದಾಗಿ ಪರಾಗವು ತಾನಾಗಿ ಶಲಾಕೆಗೆ ಸರಿಯಾಗಿ ತಲುಪದ ಕಾರಣ, ಹೂ ಬಿಡುವ ಕಾಲದಲ್ಲಿ ಆಳುಗಳು ಬಳ್ಳಿಯಿಂದ ಬಳ್ಳಿಗೆ ನಡೆದು ಒಂದೊಂದು ಹೂವಿಗೂ ಕೈಯಿಂದಲೇ ಪರಾಗವನ್ನು ಮುಟ್ಟಿಸುವರು. ಹಾಗೆ ಕಟ್ಟಿದ ಬೀಜವು ಒಣಗಿ, ಮೂಟೆಯಾಗಿ, ಕಾಲ್ಚಿಸಿನ್ನನ್ನು ತೆಗೆಯುವ ಕಾರ್ಖಾನೆಗಳಿಗೂ ಹೊರದೇಶಗಳಿಗೂ ಹೋಗುತ್ತದೆ.